ಏಳನೇ ಕೋಣೆಯ ಕೆಳಗೆ

ಪೆನ್ನೆಕ್ ಚಾಚಿದ ಪೆನ್ನನ್ನು ಸುವಾಜಿಗ್ ತೆಗೆದುಕೊಂಡಳು, ಗೋರಿ ತೆರೆಯುವ ಒಪ್ಪಿಗೆಯ ಕಾಗದದ ಮೇಲೆ ಊರಿದಳು, ಮತ್ತೆ ಎತ್ತಿದಳು.

"ಬೇರೆ ಕಡೆ ಜಾಗವೇ ಇಲ್ವಾ?"

ಊರಿನ ಶವಸಂಸ್ಕಾರಗಳ ಏರ್ಪಾಟು ನೋಡಿಕೊಳ್ಳುವ ಪೆನ್ನೆಕ್ ಅವಸರದ ಮನುಷ್ಯನಲ್ಲ. ಆದರೆ ಆಗಲೇ ಒಂಬತ್ತು ಗಂಟೆಯಾಗಿತ್ತು. ಹತ್ತೂವರೆಗೆ ಇಗರ್ಜಿಯಲ್ಲಿ ಪೂಜೆ. ಅಷ್ಟರೊಳಗೆ ಅವನ ಆಳುಗಳು ಗೋರಿಯ ಕಲ್ಲು ಸರಿಸಿಡಬೇಕಿತ್ತು. ಹೊಸ ಗೋಡೆಯ ಹತ್ತಿರ ಜಾಗವೇನೋ ಇದೆ, ಆದರೆ ಅಲ್ಲಿಗೆ ನೇರ ಕಡಲ ಗಾಳಿ ಬಡಿಯುತ್ತದೆ, ಹೂ ಇಟ್ಟರೂ ನಿಲ್ಲುವುದಿಲ್ಲ ಎಂದು ಅವನು ವಿವರಿಸಿದ. ಸ್ವಂತ ಗೋರಿ ಇರುವಾಗ ಯಾರೂ ಅಲ್ಲಿಗೆ ಹೋಗುವುದಿಲ್ಲ ಎಂದೂ ಸೇರಿಸಿದ.

"ನಿಮ್ಮಪ್ಪ ಮೂರು ಜನಕ್ಕೆ ಅಂತ ಕಟ್ಟಿಸಿದ್ದು. ಅಪ್ಪ ಅಮ್ಮ ಆದ್ರು. ಇನ್ನೊಂದು ಉಳಿದಿದೆ."

"ಅದು ನಂದು ಅಂದ್ಕೊಂಡಿದ್ದೆ," ಎಂದಳು ಸುವಾಜಿಗ್.

"ಹೌದಮ್ಮ. ದೊಡ್ಡವರು ಇರೋವಾಗ ಚಿಕ್ಕವರು ಹೋಗ್ಬಾರದು," ಎಂದು ಪೆನ್ನೆಕ್ ತಲೆ ತಗ್ಗಿಸಿದ.

ಅವನು ತಪ್ಪು ತಿಳಿದಿದ್ದ. ಸುವಾಜಿಗ್ ತಿದ್ದಲಿಲ್ಲ. ಗಂಡ ನಾಲ್ಕೇ ವರ್ಷಕ್ಕೆ ಬಿಟ್ಟು ಹೋದ ಮೇಲೆ ಅಮ್ಮನ ಮನೆಗೇ ಹಿಂತಿರುಗಿದವಳು ಅವಳು. ಅಮ್ಮನ ಹಾಸಿಗೆ ಒಗೆದವಳು, ಅಮ್ಮನಿಗೆ ಗಂಜಿ ಕುಡಿಸಿದವಳು. ಅಮ್ಮನ ಪಕ್ಕದ ಆ ಜಾಗವೊಂದನ್ನಾದರೂ ಯಾರೂ ತನ್ನಿಂದ ಕಿತ್ತುಕೊಳ್ಳಲಾರರು ಎಂದು ಇಪ್ಪತ್ತು ವರ್ಷಕ್ಕೂ ಮೇಲೆ ನಂಬಿದ್ದಳು. ಅವಳಿಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ಮಾಯಿವೊನ್ ಮೊನ್ನೆ ಗುರುವಾರ ಕಾಫಿ ಸೋಸುತ್ತಾ ಅಡುಗೆಮನೆಯ ನೆಲಕ್ಕೆ ಬಿದ್ದಳು. ವೈದ್ಯರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಲಿಗೂ ಅವಳೇ ಮೊದಲು ಹೋಗಿ ಜಾಗ ಹಿಡಿದಳು.

ಸುವಾಜಿಗ್ ಸಹಿ ಮಾಡಿದಳು. ಒತ್ತಿ ಬರೆದ ರಭಸಕ್ಕೆ ಕಾಗದ ತೂತಾಯಿತು.

ಇಗರ್ಜಿ ತುಂಬಿತ್ತು. ಪೋರ್ಸ್‌ಗ್ವೆನ್ ಸಣ್ಣ ಊರು, ಸಾವಿಗೆ ಜನ ಬರುತ್ತಾರೆ ನಿಜ. ಆದರೆ ಒಬ್ಬ ಕೊಳಾಯಿ ಕೆಲಸದವಳಿಗೆ ಇಷ್ಟು ಜನ ಬರುತ್ತಾರೆಂದು ಅವಳು ಎಣಿಸಿರಲಿಲ್ಲ. ಊರ ತುದಿಯ ಬಂಡೆಯ ಮೇಲಿನ ಕಡಲನೀರಿನ ಚಿಕಿತ್ಸಾಲಯ, ಎಲ್ಲರ ಬಾಯಲ್ಲಿ ಬರೀ 'ತಲಾಸೊ', ಅಂದು ಅರ್ಧಕ್ಕರ್ಧ ಖಾಲಿಯಾಗಿ ಇಲ್ಲಿಗೆ ಬಂದಿತ್ತು. ಅಂಗಮರ್ದನದ ಹೆಂಗಸರು, ಅಡುಗೆಯವರು, ಬಟ್ಟೆ ಒಗೆಯುವವರು, ನೀಲಿ ಅಂಗಿಯಲ್ಲೇ ಬಂದ ಪಂಪಿನ ಕೆಲಸಗಾರರು. ಪ್ಯಾರಿಸಿನಿಂದ ವರ್ಷವರ್ಷವೂ ಕೀಲುನೋವಿಗೆ ಬರುತ್ತಿದ್ದ ಮುದುಕಿಯೊಬ್ಬಳೂ ಊರುಗೋಲು ಹಿಡಿದು ನಿಂತಿದ್ದಳು. ಆ ಮುದುಕಿಯ ಮೈಗೆ ಹದಿನೆಂಟು ವರ್ಷ ಕಡಲಪಾಚಿ ಹಚ್ಚಿದ್ದು ಸುವಾಜಿಗ್. ಅವಳಿಗೆ ಮಾಯಿವೊನ್ ಎಲ್ಲಿ ಸಿಕ್ಕಿದಳು? ಕೇಳಿದರೆ, ಒಂದು ಬಾರಿ ಲಿಫ್ಟ್ ಕೆಟ್ಟಾಗ ಅವಳೇ ತನ್ನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸಿದ್ದು ಎಂದಳು. ಸುವಾಜಿಗ್‌ಳ ಕೈಯನ್ನು ಹಿಡಿದುಕೊಂಡೇ ಹೇಳಿದಳು, ಆದರೆ ಅದು ಯಾರ ಕೈ ಎಂಬ ಗುರುತು ಮುದುಕಿಗೆ ಹತ್ತಲಿಲ್ಲ.

ಹಳೆಯ ನಿರ್ದೇಶಕಿ ಮದಾಮ್ ಲಗಾದೆಕ್ ಎದ್ದು ನಾಲ್ಕು ಮಾತಾಡಿದರು. ಕಡಲನೀರು ಕಬ್ಬಿಣವನ್ನು ತಿನ್ನುತ್ತದೆ, ತಾಮ್ರವನ್ನು ತಿನ್ನುತ್ತದೆ, ತುಕ್ಕು ಹಿಡಿಯದು ಎಂದು ಮಾರುವ ಉಕ್ಕಿಗೂ ಸೂಜಿಮೊನೆಯಂಥ ತೂತು ಕೊರೆಯುತ್ತದೆ. ನೆಲದಡಿಯ ಎರಡು ಮೈಲಿ ಕೊಳವೆಯನ್ನು ಮಾಯಿವೊನ್ ಮೂವತ್ತೆಂಟು ವರ್ಷ ಕಾದಳು. ಚಾವಣಿಯಲ್ಲಿ ಎಲ್ಲಿ ಹನಿ ಕಂಡರೂ ಬೆರಳಿಗೆ ಹಚ್ಚಿ ನೆಕ್ಕಿ ನೋಡುತ್ತಿದ್ದಳು. ಸಿಹಿಯಾದರೆ ನಾಳೆ ನೋಡೋಣ, ಉಪ್ಪಾದರೆ ಈಗಲೇ, ಎನ್ನುತ್ತಿದ್ದಳು. ಜನ ನಕ್ಕರು. ಇಗರ್ಜಿಯಲ್ಲಿ, ಶವದ ಮುಂದೆ, ಪ್ರೀತಿಯಿಂದ ನಕ್ಕರು.

ನಾನು ಸತ್ತರೆ ಇವರು ಯಾವುದನ್ನು ನೆನೆದು ನಗುತ್ತಾರೆ ಎಂದು ಸುವಾಜಿಗ್ ಮುಂದಿನ ಸಾಲಿನಲ್ಲಿ ಒಬ್ಬಳೇ ಕುಳಿತು ಯೋಚಿಸಿದಳು.

*

ತಲಾಸೊಗೆ ಮೊದಲು ಸೇರಿದ್ದು ಸುವಾಜಿಗ್. ಬಿಳಿ ಮೇಲಂಗಿ, ಬಿಳಿ ಚಪ್ಪಲಿ, ಕಡಲಿಗೆ ಕಿಟಕಿ ತೆರೆದ ಏಳನೇ ಕೋಣೆ. ಮಾಯಿವೊನ್‌ಗೆ ಅಲ್ಲಿ ಕೆಲಸ ಕೊಡಿಸಿದ್ದೂ ಅವಳೇ. ಪಾತ್ರೆ ತೊಳೆಯಲು ಸೇರಿದ ತಂಗಿ ಆರು ತಿಂಗಳಲ್ಲಿ ರಬ್ಬರ್ ಬೂಟು ಹಾಕಿಕೊಂಡು ನೆಲಮಾಳಿಗೆಯ ಕೊಳವೆಗಳ ನಡುವೆ ಇಳಿದಳು. ಕೊಳವೆಗೆ ಕಟ್ಟಿಕೊಂಡ ಕಪ್ಪೆಚಿಪ್ಪುಗಳನ್ನು ಕೆರೆಯುವುದು, ತುಕ್ಕು ತಿಂದ ಬೋಲ್ಟು ಬದಲಿಸುವುದು, ತಿಂಗಳಿಗೊಮ್ಮೆ ಒಂದೊಂದು ಕೀಲನ್ನೂ ಮುಟ್ಟಿ ನೋಡುವುದು. ಸಂಜೆ ಮನೆಗೆ ಬಂದರೆ ಮೈಯೆಲ್ಲ ಉಪ್ಪು, ಗ್ರೀಸು.

ಅಮ್ಮ ಹಾಸಿಗೆ ಹಿಡಿದ ವರ್ಷ ಸುವಾಜಿಗ್ ರಜೆ ಹಾಕಿ ಮನೆಯಲ್ಲಿ ಉಳಿದಳು. ಒಂದು ಮಂಗಳವಾರ ಬೆಳಗ್ಗೆ ಅವಳು ಗಂಜಿಯ ಚಮಚ ಹಿಡಿದು ಕೂತಿದ್ದಾಗ ಅಮ್ಮ ಮುಖ ತಿರುಗಿಸಿದಳು.

"ಮಾಯಿವೊನ್‌ನ ಕರಿ," ಎಂದಳು.

"ಕೆಲಸಕ್ಕೆ ಹೋಗಿದಾಳಮ್ಮ. ನಾನಿದೀನಲ್ಲ."

"ನಿನ್ನ ಕೈ ಸೋಪಿನಂಗಡಿ ಥರ ನಾರುತ್ತೆ. ಅವಳನ್ನ ಕರಿ."

ಸುವಾಜಿಗ್ ಫೋನ್ ಮಾಡಿದಳು. ಮಾಯಿವೊನ್ ಕೆಲಸ ಹಾಗೇ ಬಿಟ್ಟು ಸೈಕಲ್ ತುಳಿದುಕೊಂಡು ಬಂದಳು. ಅಮ್ಮ ಅವಳ ಗ್ರೀಸು ಮೆತ್ತಿದ ಅಂಗೈಯನ್ನು ಮೂಗಿಗೆ ಒತ್ತಿಕೊಂಡು, "ನಿಮ್ಮಪ್ಪ ದೋಣಿಯಿಂದ ಇಳಿದು ಬಂದ ಹಾಗಾಯ್ತು," ಎಂದು ಕಣ್ಣು ಮುಚ್ಚಿದಳು. ಗಂಜಿ ಅವಳ ಕೈಯಿಂದಲೇ ಇಳಿಯಿತು. ಸಂಜೆಯವರೆಗೂ ಅಮ್ಮ ಆ ಕೈ ಬಿಡಲಿಲ್ಲ. ಸುವಾಜಿಗ್ ಹಿತ್ತಲಿಗೆ ಹೋಗಿ ತನ್ನ ಕೈಗಳನ್ನು ಬೂದಿ ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತೇ ಹೊರತು ವರ್ಷಗಟ್ಟಲೆ ಅಂಗಮರ್ದನದಲ್ಲಿ ಹತ್ತಿದ ಲ್ಯಾವೆಂಡರ್ ಎಣ್ಣೆಯ ಪರಿಮಳ ಹೋಗಲಿಲ್ಲ.

ಎಂಟು ದಿನಕ್ಕೆ ಅಮ್ಮ ತೀರಿಕೊಂಡಳು. ಅದಾಗಿ ಸುವಾಜಿಗ್ ಕೆಲಸಕ್ಕೆ ಮರಳಿದ ವಾರವೇ ದೊಡ್ಡ ಕೊಳದ ಪಕ್ಕದ ಚಾವಣಿಯಲ್ಲಿ ತುಕ್ಕು ತಿಂದಿದ್ದ ಬೋಲ್ಟು ಮುರಿದು, ನೀರು ಧೋ ಎಂದು ಸುರಿದು, ಮುದುಕನೊಬ್ಬ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡ. ಆ ಚಾವಣಿಯ ತಪಾಸಣೆ ಇದ್ದದ್ದು ಅದೇ ಮಂಗಳವಾರ. ಮಾಯಿವೊನ್ ಅವತ್ತು ಇಡೀ ದಿನ ಇಲ್ಲೇ ಇದ್ದಳು, ಎಲ್ಲ ನೋಡಿದ್ದಳು ಎಂದು ಅವಳ ಜೊತೆ ಕೊಳವೆ ಕೆಲಸ ಮಾಡುತ್ತಿದ್ದ ಎರ್ಲೆ ನಿರ್ದೇಶಕಿಯ ಮುಂದೆ ಹೇಳಿಬಿಟ್ಟಿದ್ದ. ಮದಾಮ್ ಲಗಾದೆಕ್ ಮಧ್ಯಾಹ್ನ ಏಳನೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ಈ ತಿಂಗಳೇ ಮಾಯಿವೊನ್‌ಳನ್ನು ಕೊಳವೆ ವಿಭಾಗದ ಮುಖ್ಯಸ್ಥೆ ಮಾಡಬೇಕೆಂದಿದ್ದೆ, ಸತ್ಯ ತಿಳಿದಿರಬೇಕು ಎಂದರು.

ಸುವಾಜಿಗ್ ಸುಮ್ಮನಿರಬಹುದಿತ್ತು. ನನಗೆ ಗೊತ್ತಿಲ್ಲ ಎನ್ನಬಹುದಿತ್ತು.

"ಮಂಗಳವಾರ ಅವಳು ಇಲ್ಲಿರಲೇ ಇಲ್ಲ ಮದಾಮ್," ಎಂದಳು. "ಕೆಲಸ ಬಿಟ್ಟು ಬಂದಿದ್ಲು. ಕರೆದವರು ಇದ್ರೆ ಅವಳಿಗೆ ಕೆಲಸ ನೆನಪಿರಲ್ಲ."

ಕರೆದದ್ದು ಯಾರು ಎಂದು ಹೇಳಲಿಲ್ಲ. ಮುಖ್ಯಸ್ಥನಾಗಿ ಲೋರಿಯಾನ್ ಪಟ್ಟಣದಿಂದ ಗಂಡಸೊಬ್ಬ ಬಂದ. ಮಾಯಿವೊನ್ ಹನ್ನೊಂದು ವರ್ಷ ಅವನಿಗೆ ಕೆಲಸ ಕಲಿಸಿಕೊಡುತ್ತಾ ಅವನ ಕೈಕೆಳಗೇ ದುಡಿದಳು. ಮನೆಯಲ್ಲಿ ಒಂದು ದಿನವೂ ಆ ಮಾತೆತ್ತಲಿಲ್ಲ.

*

ಮಣ್ಣಾದ ಮೇಲೆ ಬಂದರಿನ ಕಾಫಿ ಅಂಗಡಿಯಲ್ಲಿ ಎಲ್ಲರಿಗೂ ಕಾಫಿ, ಬೆಣ್ಣೆ ಕೇಕು, ಸೇಬಿನ ಮದ್ಯ. ಗೋರಿಯೊಳಗೆ ತಂಗಿಯ ಪೆಟ್ಟಿಗೆ ಅಮ್ಮನ ಪೆಟ್ಟಿಗೆಯ ಪಕ್ಕ ಕೂತದ್ದು ಸುವಾಜಿಗ್‌ಳ ಕಣ್ಣಿಂದ ಹೋಗಿರಲಿಲ್ಲ. ಅಲ್ಲಿ ಒಂದು ಅಂಗೈಯಷ್ಟೂ ಜಾಗ ಉಳಿದಿರಲಿಲ್ಲ.

ಮದಾಮ್ ಲಗಾದೆಕ್ ಬಂದು ಪಕ್ಕ ಕುಳಿತರು. ಲೋರಿಯಾನ್‌ನವನನ್ನು ತಂದದ್ದು ತನ್ನ ತಪ್ಪು ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಅವತ್ತಿನ ಮಾತು ಯಾರಿಗೂ ಹೇಳಿಲ್ಲ, ಹೆದರಬೇಡ ಎಂದು ಸುವಾಜಿಗ್‌ಳ ಮೊಣಕೈ ಒತ್ತಿ ಎದ್ದರು. ಅದನ್ನು ಕೇಳಿ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಾಯಿವೊನ್‌ಗೆ ಗೊತ್ತಿತ್ತೇ? ಹೇಳಬಲ್ಲವನು ಇದ್ದರೆ ಎರ್ಲೆ ಒಬ್ಬನೇ.

ಅವನು ಬಾಗಿಲ ಬಳಿ ಕೋಟು ಹಾಕಿಕೊಳ್ಳುತ್ತಿದ್ದ. ಮೂರು ಗಂಟೆಗೆ ಕಡಲಿನ ಭರತ, ನೀರು ಏರಿರುವಾಗಲೇ ತಲಾಸೊದ ತೊಟ್ಟಿ ತುಂಬಿಸಿಕೊಳ್ಳಬೇಕು, ಸಾವಾದರೂ ಅಷ್ಟೇ ಎಂದ. ಒಂದು ಮಾತು ಕೇಳಬೇಕಿತ್ತು ಎಂದು ಸುವಾಜಿಗ್ ಹೇಳಿದಾಗ ಅವನು ಕೋಟಿನ ಕೊನೆಯ ಗುಂಡಿ ಹಾಕಿಕೊಂಡ.

"ಹಾಗಾದ್ರೆ ಬನ್ನಿ ಕೆಳಗೆ. ಅಲ್ಲೇ ಹೇಳ್ತೀನಿ."

ತಲಾಸೊದ ಮೇಲಿನ ಕೋಣೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದವಳು ಒಮ್ಮೆಯೂ ನೆಲಮಾಳಿಗೆಯ ಮೆಟ್ಟಿಲು ಇಳಿದಿರಲಿಲ್ಲ. ತಗ್ಗಾದ ಓಣಿ, ಎರಡೂ ಕಡೆ ಬೂದುಬಣ್ಣದ ಕೊಳವೆಗಳು, ಕೀಲುಗಳಲ್ಲಿ ಬಿಳಿ ಉಪ್ಪಿನ ಕೂದಲು. ಎರ್ಲೆ ನಡೆಯುತ್ತಲೇ ಅಭ್ಯಾಸಬಲದಿಂದ ಒಂದೊಂದನ್ನೂ ಮುಟ್ಟುತ್ತಿದ್ದ. ಒಂದು ಕಡೆ ನಿಂತ. ಮೇಲಿನ ಸ್ನಾನದ ತೊಟ್ಟಿಗೆ ಬಿಸಿನೀರು ಒಯ್ಯುವ ಕೊಳವೆ ಅಲ್ಲಿ ಚಾವಣಿಯನ್ನು ತೂರಿ ಹೋಗಿತ್ತು. ಸುತ್ತ ನಾಲ್ಕು ಬೆರಳಷ್ಟು ಸಂದು. ಕೆಳಗೆ ಗೋಡೆಗೆ ಒತ್ತಿ ಒಂದು ಮೀನಿನ ಪೆಟ್ಟಿಗೆ ಬೋರಲಾಗಿ ಬಿದ್ದಿತ್ತು.

"ಅವಳು ಊಟಕ್ಕೆ ಕೂರ್ತಿದ್ದ ಜಾಗ," ಎಂದ. "ಮೇಲಿರೋದು ನಿಮ್ಮ ಏಳನೇ ಕೋಣೆ. ಮಾತೆಲ್ಲ ಕೇಳಿಸುತ್ತೆ."

ಸುವಾಜಿಗ್ ತಲೆಯೆತ್ತಿ ಆ ಸಂದನ್ನು ನೋಡಿದಳು. "ಮದಾಮ್ ಬಂದಿದ್ದ ದಿನ?" ಎಂದು ಕೇಳಿದಳು.

"ಅವತ್ತೂ ಇಲ್ಲೇ ಇದ್ಲು. ನಾನೂ ಪಕ್ಕದಲ್ಲಿದ್ದೆ."

"ಏನಂದ್ಲು?"

"ಏನೂ ಇಲ್ಲ. ಕೈಲಿದ್ದ ಬ್ರೆಡ್ಡು ಪೂರ್ತಿ ತಿಂದ್ಲು. ನಂಗೇ ತಡೀಲಿಲ್ಲ, ಮೇಲೆ ಹೋಗಿ ಕೇಳ್ತೀನಿ ಅಂತ ಎದ್ದೆ. ಕೂತ್ಕೊ ಅಂದ್ಲು. ಮಾರನೇ ದಿನ ಮತ್ತೆ ಬಂದು ಇಲ್ಲೇ ಕೂತ್ಲು. ನೀವು ನಿವೃತ್ತಿ ಆಗೋವರೆಗೂ ಕೂತ್ಲು."

"ಯಾಕೆ? ಇನ್ನೂ ಏನು ಹೇಳ್ತೀನಿ ಅಂತ ಕೇಳೋಕಾ?"

ಎರ್ಲೆ ಟೋಪಿ ತೆಗೆದು ತಲೆ ಕೆರೆದುಕೊಂಡ. ತಾನೂ ಇದನ್ನೇ ಕೇಳಿದ್ದೆ ಎಂದ.

"'ಕೇಳಿದ್ಯಾ, ಆ ಪ್ಯಾರಿಸ್ ಮುದುಕೀರ ಹತ್ರ ಅಕ್ಕ ಎಷ್ಟು ಮೆತ್ತಗೆ ಮಾತಾಡ್ತಾಳೆ' ಅಂತಿದ್ಲು. 'ಮನೇಲಿ ನಂಗೆ ಅಂಥದ್ದು ಒಂದು ಮಾತೂ ಸಿಗಲ್ಲ. ಅವರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಎರ್ಲೆ, ಒಂದೊಂದು ಸಲ ಮೇಲಿನ ನೀರು ನಿಲ್ಲಿಸಿಬಿಡೋಣ ಅನ್ಸುತ್ತೆ.' ಒಂದು ಸಲ ನಿಲ್ಲಿಸಿದ್ಲು ಕೂಡ. ನೀವು ತೊಟ್ಟಿಯಲ್ಲಿದ್ದ ಮುದುಕಿಗೆ ಇನ್ನೂ ಮೆತ್ತಗೆ ಸಮಾಧಾನ ಹೇಳಿದ್ರಿ. ಆಮೇಲೆ ನಿಲ್ಲಿಸಲಿಲ್ಲ."

ಅವನು ಗಡಿಯಾರ ನೋಡಿಕೊಂಡು ಓಣಿಯ ಕೊನೆಯತ್ತ ನಡೆದ. ಅವನ ಬೆನ್ನು ನೋಡುತ್ತಾ ಸುವಾಜಿಗ್‌ಗೆ ಮೊದಲು ಬಂದದ್ದು ದುಃಖವಲ್ಲ. ಅಷ್ಟು ವರ್ಷ ಮಾಯಿವೊನ್‌ಳ ಪಕ್ಕ ಕೂತು ಬ್ರೆಡ್ಡು ತಿಂದವನು ಇವನು, ಎನ್ನಿಸಿ ಒಳಗೆ ಚುರ್ರೆಂದಿತು. ಆ ಉರಿ ಅವಳಿಗೆ ಹಳೆಯ ಪರಿಚಯದ್ದು. ಇಷ್ಟು ದಿನ ಅದು ತನ್ನೊಬ್ಬಳದೇ ಎಂದುಕೊಂಡಿದ್ದಳು.

ಅವಳು ಮೀನಿನ ಪೆಟ್ಟಿಗೆಯ ಮೇಲೆ ಕುಳಿತಳು.

ದೂರದಲ್ಲಿ ಪಂಪು ಗುಡುಗಿತು. ತಲೆಯ ಪಕ್ಕದ ಕೊಳವೆ ನಡುಗಿ, ಸ್ವಲ್ಪ ಹೊತ್ತಿಗೆ ಬೆಚ್ಚಗಾಯಿತು. ಮೇಲೆ ಬಾಗಿಲು ತೆರೆದ ಸದ್ದು, ಯಾರೋ ನೀರಿಗಿಳಿದ ಸದ್ದು. ಆಮೇಲೆ ಹೆಣ್ಣುದನಿಯೊಂದು ಸಂದಿನಿಂದ ಇಳಿದು ಬಂತು. ಸುವಾಜಿಗ್ ತಾನೇ ಕೆಲಸ ಕಲಿಸಿದ ಹುಡುಗಿಯ ದನಿ, ತಾನೇ ಕಲಿಸಿದ ಮೆತ್ತನೆಯ ಮಾತು.

"ತಲೆ ಹಿಂದಕ್ಕೆ ಒರಗಿಸಿ ಅಮ್ಮ. ಹಾಗೆ. ಇನ್ನೇನೂ ಮಾಡ್ಬೇಡಿ, ನೀರೇ ನಿಮ್ಮನ್ನ ಹಿಡ್ಕೊಳ್ಳುತ್ತೆ."

ಸುವಾಜಿಗ್ ಕಪ್ಪು ಟೋಪಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ನಿಧಾನವಾಗಿ ತಲೆಯನ್ನು ಹಿಂದಕ್ಕೆ, ಉಪ್ಪುಗಟ್ಟಿದ ಗೋಡೆಗೆ ಒರಗಿಸಿದಳು.