ಎರಡನೇ ಕಾರು

"ಕೈಯಲ್ಲ ಮೇಷ್ಟ್ರೇ, ದುಡ್ಡು! ಅಲ್ಲಿ ಓಡ್ತಾ ಇರೋದು ಬರೀ ದುಡ್ಡು!"

ಹಾಸಿಗೆ ಅಂಗಡಿಯವನು ಹೀಗೆ ಕೂಗುತ್ತ ಮೇಲೆದ್ದ ರಭಸಕ್ಕೆ ಅವನು ಕೂತಿದ್ದ ಹಾಸಿಗೆಯ ಪ್ಲಾಸ್ಟಿಕ್ ಹೊದಿಕೆ ಚರಚರ ಎಂದಿತು. ಮಾರಾಟದ ಮಾಲು ಕೊಳೆಯಾದೀತೆಂದು ಅವನು ಯಾವ ಹೊದಿಕೆಯನ್ನೂ ಬಿಚ್ಚಲು ಬಿಡುತ್ತಿರಲಿಲ್ಲ. ಹಾಗಾಗಿ ರೇಸ್ ಇರುವ ಭಾನುವಾರ, ಅರ್ಧ ಇಳಿಸಿದ ಶಟರ್‌ನ ಹಿಂದೆ ಯಾರು ಎಷ್ಟು ಮಿಸುಕಾಡಿದರೆಂಬುದು ಬೀದಿಗೆಲ್ಲ ಗೊತ್ತಾಗುತ್ತಿತ್ತು.

ಗೋಡೆಯ ಟಿವಿಯಲ್ಲಿ ನೀಲಿ ತಂಡದ ಎರಡು ಕಾರುಗಳು ಒಂದರ ಬಾಲ ಒಂದು ಹಿಡಿದು ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವು. ಅಂಗಡಿಯವನ ಮೆಚ್ಚಿನ ಹಸಿರು ತಂಡದ ಹುಡುಗ ಎಲ್ಲೋ ಹಿಂದೆ, ಕ್ಯಾಮೆರಾದ ಕಣ್ಣಿಗೂ ಬೀಳದಷ್ಟು ಹಿಂದೆ ಇದ್ದ.

"ಆ ಹುಡುಗನಿಗೆ ನೀಲಿ ಕಾರು ಕೊಡಲಿ, ಆಮೇಲೆ ಹೇಳಿ."

"ಕೈಯಲ್ಲಿ ಕಸುಬಿದ್ದೋನಿಗೆ ಯಾವ ಕಾರಾದ್ರೇನು? ಎಲ್ಲಿದ್ದರೂ ಮೇಲೆ ಬರ್ತಾನೆ," ಎಂದರು ಮೇಷ್ಟ್ರು.

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಬಸ್ ಡಿಪೋದಲ್ಲಿ ಹೊಸ ಡ್ರೈವರುಗಳಿಗೆ ತರಬೇತಿ ಕೊಡುವವರು. ಅವರ ಪಕ್ಕದಲ್ಲಿ ಎಡಗಾಲು ನೀಡಿಕೊಂಡು ಕಡಲೆಕಾಯಿ ಸುಲಿಯುತ್ತ ಕೂತವನು ಅದೇ ಡಿಪೋದ ಡ್ರೈವರ್. ಕೆಲಸಕ್ಕೆ ಸೇರಿದ ದಿನದಿಂದಲೂ ಸ್ನೇಹಿತ. ಇಷ್ಟು ವರ್ಷದ ನೌಕರಿಯಲ್ಲಿ ಅವನು ಇನ್ನೊಂದು ಬಸ್ಸನ್ನು ಹಿಂದೆ ಹಾಕಿದ್ದನ್ನು ಕಂಡವರಿಲ್ಲ. ಅದಕ್ಕೇ ಡಿಪೋದವರು ಅವನಿಗೆ ಎಕ್ಸ್‌ಪ್ರೆಸ್ಸು ಎಂದು ಹೆಸರಿಟ್ಟಿದ್ದರು. ಈಗ ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಾಳೆಂದು ಅವನೇ ಹೇಳಿಕೊಂಡು ನಗುತ್ತಿದ್ದ.

"ತಂಡಗಳ ಖರ್ಚಿಗೆ ಮಿತಿ ಹಾಕಿದಾರಲ್ಲ ಅಕ್ಕ? ಮತ್ತೆ ಹೆಂಗೆ ನೀಲಿಯೋರೇ ಗೆಲ್ತಾರೆ?" ಅಂಗಡಿಯವನು ತನ್ನ ಅಕ್ಕನ ಕಡೆ ತಿರುಗಿದ.

ಅಕ್ಕ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುವವಳು. ಕನ್ನಡಕ ಸರಿಮಾಡಿಕೊಂಡಳು. "ಮಿತಿ ಇದೆ ಕಣೋ. ಆದ್ರೆ ಅದರೊಳಗೆ ಏನು ಬರುತ್ತೆ, ಏನು ಬರಲ್ಲ ಅಂತ ಹೇಳೋಕೇ ನಮ್ಮಂಥೋರಿಗೆ ಸಂಬಳ. ಇಂಜಿನಿಯರನ್ನ ಲೆಕ್ಕದಲ್ಲಿ ತೋಟದ ಮಾಲಿ ಅಂತ ತೋರಿಸಿದ್ರೆ ಮುಗೀತು, ಅವನ ಸಂಬಳ ಮಿತಿಯಾಚೆ. ನೀಲಿ ತಂಡದ ಅಂಗಳದಲ್ಲಿ ಒಂದು ಕಡ್ಡಿ ಹುಲ್ಲಿಲ್ಲ, ಮಾಲಿಗಳು ಮಾತ್ರ ಸಾಲುಗಟ್ಟಿ ನಿಂತಿದಾರೆ."

ಎಕ್ಸ್‌ಪ್ರೆಸ್ಸು ನಕ್ಕ ನಗೆಗೆ ಬಾಯಲ್ಲಿದ್ದ ಕಡಲೆ ನೆತ್ತಿಗೇರಿತು. ಕೆಮ್ಮಿ ಸುಧಾರಿಸಿಕೊಂಡು, "ನನ್ನ ಬಸ್ಸಿಗೂ ಅಂಥ ಇಬ್ಬರು ಮಾಲಿಗಳನ್ನ ಕೊಡಿಸಿ ಅಕ್ಕ," ಎಂದ. "ಕ್ಲಚ್ಚು ಒತ್ತಿದ್ರೆ ಮೊಣಕಾಲಲ್ಲಿ ಜೀವ ಹೋಗಿ ಬರುತ್ತೆ. ಈ ಮೇಷ್ಟ್ರು ಕೈ ಕೈ ಅಂತಾನೆ, ಬಸ್ಸಲ್ಲಿ ದುಡಿಯೋದೆಲ್ಲ ಕಾಲು."

"ಇನ್ನೊಂದು ತರಬೇತುದಾರನ ಕೆಲಸ ಖಾಲಿ ಇದೆ, ಅರ್ಜಿ ಹಾಕಿದೀನಿ ಅಂದಿದ್ರಲ್ಲ. ಏನಾಯ್ತು?" ಎಂದು ಅಕ್ಕ ಅವನನ್ನು ಕೇಳಿದಳು.

"ನಾಳೆ ಹೇಳ್ತಾರಂತೆ."

"ಪಕ್ಕದಲ್ಲೇ ಕೂತಿದಾರಲ್ಲ ಮೇಷ್ಟ್ರು, ಕೇಳ್ಬಾರ್ದಾ?"

"ಛೆ ಛೆ. ಅವನನ್ನ ಪೇಚಿಗೆ ಸಿಕ್ಕಿಸಬಾರದು ಅಕ್ಕ. ಮೊದಲೇ ಪುಕ್ಕಲ. ರಾತ್ರಿ ಬಾಗಿಲು ಹಾಕಿದೀನೋ ಇಲ್ಲವೋ ಅಂತ ಮೂರು ಸಲ ಎದ್ದು ನೋಡೋ ಆಸಾಮಿ."

ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತದ್ದು ಅವರಿಗೇ ತಿಳಿಯಿತು. ನಿನ್ನೆ ಡಿಪೋ ಮ್ಯಾನೇಜರು ಅವರನ್ನು ಒಳಗೆ ಕರೆದು, ಎಕ್ಸ್‌ಪ್ರೆಸ್ಸಿನ ಅರ್ಜಿ ತೋರಿಸಿ, "ಇವರು ನಿಮ್ಮ ಸ್ನೇಹಿತರಲ್ವಾ? ಹೇಗೆ?" ಎಂದು ಕೇಳಿದ್ದರು. ಸ್ನೇಹಿತ ಎಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರು ಹುಷಾರಾದರು. ತಮ್ಮವನೆಂದು ಎತ್ತಿ ಹಿಡಿದರು ಎನ್ನುವ ಮಾತು ಬರಬಾರದಲ್ಲ! "ಮನುಷ್ಯ ಒಳ್ಳೆಯವನು ಸಾರ್. ಆದ್ರೆ ಹಿಂದೆ ಇದೇ ಕೆಲಸದ ಪರೀಕ್ಷೇಲಿ ಬಸ್ಸನ್ನ ಡ್ರಮ್ಮಿಗೆ ತಾಗಿಸಿದ್ದ," ಎಂದಿದ್ದರು. ಅದು ಸುಳ್ಳೇನಲ್ಲ. ಮ್ಯಾನೇಜರು ಹೂಂ ಎಂದು ತಲೆಯಾಡಿಸಿ ಬೇರೊಬ್ಬನ ಹೆಸರು ಹೇಳಿದ್ದರು. ಹೊರಬರುವಾಗ ಮೇಷ್ಟ್ರಿಗೆ ತಾವು ನ್ಯಾಯವಾಗಿ ನಡೆದುಕೊಂಡೆವು ಎಂಬ ಸಮಾಧಾನವೇ ಇತ್ತು. ಮನೆ ತಲುಪುವ ಹೊತ್ತಿಗೆ ಅದು ಯಾಕೋ ಸವೆದುಹೋಗಿತ್ತು.

"ಅಯ್ಯೋ, ಅಯ್ಯೋ ನೋಡಿ!" ಅಂಗಡಿಯವನು ಚೀರಿದ.

ಮುಂದಿದ್ದ ನೀಲಿ ಕಾರು ತಿರುವಿನಲ್ಲಿ ಹಿಡಿತ ತಪ್ಪಿದಂತೆ ಅಗಲಕ್ಕೆ ಸರಿದು ಹೊರ ಅಂಚಿಗೆ ಹೋಯಿತು. ಹಿಂದಿದ್ದ ನೀಲಿ ಕಾರು ಒಳಗಿನಿಂದ ನುಗ್ಗಿ ಮುಂದಾಯಿತು. ಮುಂದಾದವನು ತಂಡದ ದೊಡ್ಡ ಡ್ರೈವರ್, ಈ ವರ್ಷದ ಪಟ್ಟಕ್ಕೆ ಅಂಕ ಕೂಡಿಸುತ್ತಿದ್ದವನು. ಹಿಂದಾದವನು ಎರಡನೆಯವನು.

"ಬೇಕಂತ ಬಿಟ್ಟ! ತಂಡದೋರು ಹೇಳಿರ್ತಾರೆ. ಇದು ರೇಸಾ, ನಾಟಕಾನಾ?"

"ತಂಡದ ರೇಡಿಯೋದಲ್ಲಿ ಯಾರೂ ಏನೂ ಹೇಳಲಿಲ್ಲವಲ್ಲ," ಎಂದಳು ಅಕ್ಕ.

"ಹೇಳೋದೂ ಬೇಡ, ಬಿಡೋದೂ ಬೇಡ. ತಪ್ಪು ಮಾಡಿದ, ಅಷ್ಟೇ," ಮೇಷ್ಟ್ರ ದನಿ ಅಗತ್ಯಕ್ಕಿಂತ ಜೋರಾಗಿತ್ತು. "ಕೊನೇ ಗಳಿಗೇಲಿ ಕೈ ನಡುಗುತ್ತೆ ಕೆಲವರಿಗೆ. ಅಂಥೋರು ಎರಡನೇ ಕಾರಿಗೇ ಹುಟ್ಟಿರೋದು. ಆಮೇಲೆ ಕಾರು ಸರಿಯಿಲ್ಲ, ತಂಡ ಸರಿಯಿಲ್ಲ ಅಂತ ನೆಪ."

ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ಟಿವಿಯವರು ಅದೇ ತಿರುವನ್ನು ಮತ್ತೆ ನಿಧಾನವಾಗಿ ತೋರಿಸತೊಡಗಿದರು. ಈ ಸಲ ಎರಡನೆಯವನ ಹೆಲ್ಮೆಟ್ಟಿನ ಮೇಲಿನ ಕ್ಯಾಮೆರಾದಿಂದ. ಸ್ಟೀರಿಂಗ್ ಹಿಡಿದ ಎರಡು ಕೈಗವಸುಗಳು ಪರದೆ ತುಂಬ ಕಂಡವು.

"ತಪ್ಪಲ್ಲ ಕಣೋ," ಎಂದ ಎಕ್ಸ್‌ಪ್ರೆಸ್ಸು. ಅವನು ವಾದಕ್ಕಿಳಿದಾಗ ದನಿ ಏರುವುದಿಲ್ಲ, ಇಳಿಯುತ್ತದೆ. "ಅವನ ಕೈ ನೋಡು. ತಪ್ಪು ಮಾಡಿದೋನ ಕೈ ಸುಮ್ನಿರುತ್ತಾ? ಗಾಡಿ ಜಾರ್ತಿದೆ ಅಂದ್ರೆ ಮನಸ್ಸಿಗಿಂತ ಮೊದಲು ಕೈಗೆ ಗೊತ್ತಾಗುತ್ತೆ. ಹಿಡಿದು ಒದ್ದಾಡಿಬಿಡುತ್ತೆ. ಇವನ ಕೈ ಅಲ್ಲಾಡಲೇ ಇಲ್ಲ. ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಬಿಟ್ಟ. ಬಿಟ್ಟಿದ್ದು ಗೊತ್ತಾಗಬಾರದು, ಹಂಗೆ ಬಿಡೋದಿದೆಯಲ್ಲ, ಅದಕ್ಕೆ ಮುಂದಿರೋನಿಗಿಂತ ಜಾಸ್ತಿ ಕೈ ಬೇಕು."

ಅಷ್ಟು ಹೇಳಿ ಅವನು ತಟ್ಟನೆ ಟಿವಿಯಿಂದ ಮುಖ ತಿರುಗಿಸಿದ. ಮಡಿಲಲ್ಲಿದ್ದ ಸಿಪ್ಪೆಗಳನ್ನು ಒಂದೊಂದಾಗಿ ಕಾಗದದ ಪೊಟ್ಟಣಕ್ಕೆ ತುಂಬತೊಡಗಿದ.

ಮೇಷ್ಟ್ರು ಟಿವಿ ನೋಡುತ್ತಲೇ ಇದ್ದರು. ಆದರೆ ಅವರ ಕಣ್ಣ ಮುಂದೆ ಪರೀಕ್ಷೆಯ ಆ ದಿನ, ಡಿಪೋದ ಹಿಂದಿನ ಬಯಲಿತ್ತು. ಎರಡು ಸಾಲು ಖಾಲಿ ಆಯಿಲ್ ಡ್ರಮ್ಮು. ನಡುವೆ ಬಸ್ಸನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ತರಬೇತುದಾರನ ಕೆಲಸ ಇದ್ದದ್ದು ಒಂದೇ, ಕೊನೆಗೆ ಉಳಿದವರು ಅವರಿಬ್ಬರೇ. ಮೊದಲು ಮೇಷ್ಟ್ರ ಸರದಿ. ಆಗ ಅವರ ಸೊಂಟದ ಮೂಳೆ ಸರಿದಿತ್ತು. ಹೀಗೇ ಬಸ್ಸು ಓಡಿಸುತ್ತಿದ್ದರೆ ನಡೆಯುವುದೂ ಕಷ್ಟವಾದೀತು ಎಂದು ಡಾಕ್ಟರು ಹೇಳಿದ್ದರು. ಆ ಮಾತನ್ನು ಹೆಂಡತಿ ಬಿಟ್ಟರೆ ಎಕ್ಸ್‌ಪ್ರೆಸ್ಸಿಗೆ ಮಾತ್ರ ತಿಳಿಸಿದ್ದರು. ನೋವಿನಲ್ಲಿ ಹಲ್ಲು ಕಚ್ಚಿ, ನಡುವೆ ನಿಲ್ಲಿಸಿ, ತಿದ್ದಿಕೊಂಡು, ಅಂತೂ ಬಸ್ಸು ತಂದು ನಿಲ್ಲಿಸಿದರು. ಆಮೇಲೆ ಕೆಳಗಿಳಿದು, ಡ್ರೈವರನ ಕಿಟಕಿ ಬಂದು ನಿಲ್ಲುವ ಕಡೆ ಹೋಗಿ ನಿಂತರು. ಎಕ್ಸ್‌ಪ್ರೆಸ್ಸಿನ ಬಸ್ಸು ಒಂದೇ ಉಸಿರಿನಲ್ಲಿ, ಹಗ್ಗ ಹಿಡಿದು ಎಳೆದ ಹಾಗೆ ನೇರವಾಗಿ ಬಂತು. ಕೊನೆಯ ಡ್ರಮ್ಮಿಗೆ ಡಣ್ ಎಂದು ತಾಗಿತು. "ಥೋ!" ಎಂದ ಎಕ್ಸ್‌ಪ್ರೆಸ್ಸು. ಎಲ್ಲರೂ ಡ್ರಮ್ಮಿನ ಕಡೆ ನೋಡಿದರು. ಮೇಷ್ಟ್ರಿಗೆ ಕಂಡದ್ದು ಅವನ ಕೈ. ಸ್ಟೀರಿಂಗಿನ ಮೇಲೆ, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ, ಸುಮ್ಮನೆ ಇತ್ತು.

ಇಷ್ಟು ವರ್ಷ ಅದನ್ನು ಅವರು ಕಂಡೂ ನೋಡಿರಲಿಲ್ಲ.

"ಟೀ ಬಂತಾ ನೋಡ್ತೀನಿ," ಎಂದು ಮೇಷ್ಟ್ರು ಎದ್ದರು. ಶಟರ್‌ನ ಕೆಳಗೆ ಬಗ್ಗಿ ಹೊರಬಂದು ಮ್ಯಾನೇಜರಿಗೆ ಫೋನು ಮಾಡಿದರು. ಆ ಕಡೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು.

"ಸಾರ್, ನಿನ್ನೆ ಹೇಳಿದ ಮಾತು... ಆ ಡ್ರಮ್ಮಿನ ವಿಷಯ."

"ಅದು ಮುಗೀತಲ್ರೀ. ಹೆಸರು ಮೇಲಿನ ಆಫೀಸಿಗೆ ಹೋಯ್ತು. ಯಾಕೆ, ತಾಗಿಸಿರಲಿಲ್ವಾ?"

"ತಾಗಿಸಿದ್ದ ಸಾರ್."

"ಮತ್ತೆ?"

"ತಪ್ಪಿ ತಾಗಿಸಿದ್ದಲ್ಲ ಸಾರ್."

"ತಪ್ಪಿ ಅಲ್ಲ ಅಂದ್ರೆ? ಬೇಕಂತ ತಾಗಿಸಿದ್ರಾ? ಏನ್ರೀ ನೀವು, ಇನ್ನೂ ಕೆಟ್ಟದಾಗಿ ಹೇಳ್ತಿದೀರಿ!"

ಮೇಷ್ಟ್ರು ಬಾಯಿ ತೆರೆದರು. ನನಗಾಗಿ ತಾಗಿಸಿದ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಅದನ್ನು ಹೇಳಿದರೆ ಅವನು ಪರೀಕ್ಷೆಯಲ್ಲಿ ಮೋಸ ಮಾಡಿದವನಾಗುತ್ತಾನೆ, ತಾವು ಕೂತ ಕುರ್ಚಿ ತಮ್ಮದಲ್ಲವೆಂದಾಗುತ್ತದೆ. "ಏನಿಲ್ಲ ಸಾರ್. ರಜಾ ದಿನ ತೊಂದರೆ ಕೊಟ್ಟೆ," ಎಂದರು.

ಒಳಗೆ ರೇಸ್ ಮುಗಿದಿತ್ತು. ದೊಡ್ಡವನು ಎತ್ತರದ ಕಟ್ಟೆ ಹತ್ತಿ ಕಪ್ಪು ಎತ್ತಿ ಹಿಡಿದಿದ್ದ. ಎರಡನೆಯವನು ಪಕ್ಕದ ತಗ್ಗಿನ ಕಟ್ಟೆಯ ಮೇಲೆ ನಿಂತು ಚಪ್ಪಾಳೆ ತಟ್ಟುತ್ತಿದ್ದ. "ಮುಂದಿನ ರೇಸಿಗೆ ನಮ್ಮ ಹಸಿರು ಹುಡುಗ ತೋರಿಸ್ತಾನೆ," ಎಂದು ಅಂಗಡಿಯವನು ಎಂದಿನಂತೆ ಶಪಥ ಮಾಡಿದ. "ಅಷ್ಟರಲ್ಲಿ ಅವರಪ್ಪ ಒಂದು ತಂಡ ಕೊಂಡ್ಕೊಂಡ್ರೆ ತೋರಿಸ್ತಾನೆ," ಎಂದು ಅಕ್ಕ ಟಿವಿ ಆರಿಸಿದಳು.

ಮೇಷ್ಟ್ರೂ ಎಕ್ಸ್‌ಪ್ರೆಸ್ಸೂ ಮನೆ ಕಡೆ ಹೊರಟರು. ಪೈಪು ಹಾಕಲೆಂದು ಬೀದಿ ಅಗೆದು ಬಿಟ್ಟಿದ್ದರು. ಎಕ್ಸ್‌ಪ್ರೆಸ್ಸು ಎಡಗಾಲನ್ನು ಅಳೆದು ಅಳೆದು ಊರುತ್ತಿದ್ದ.

"ಯಾರಿಗೋ ಫೋನು?"

"ಮನೆಗೆ."

ಸ್ವಲ್ಪ ದೂರ ನಡೆದ ಮೇಲೆ ಮೇಷ್ಟ್ರು ಕೇಳಿದರು. "ಅವತ್ತು ಪರೀಕ್ಷೇಲಿ... ಆ ಕೊನೇ ಡ್ರಮ್ಮು ನಿನಗೆ ಕಾಣಿಸಲಿಲ್ವಾ?"

"ಯಾವ ಡ್ರಮ್ಮೋ?"

"ನೀನು ತಾಗಿಸಿದ್ದು."

"ಓ, ಅದಾ?" ಎಕ್ಸ್‌ಪ್ರೆಸ್ಸು ನಕ್ಕ. "ಹಳೇ ಕತೆ ಎಲ್ಲಿ ತೆಗೀತೀಯಪ್ಪಾ. ಈಗ ತಾಗಿಸಲ್ಲ, ಹೆದರಬೇಡ. ನಾಳೆ ಕೆಲಸ ಸಿಕ್ಕಿದ್ರೆ ನಿನ್ನ ಹೊಸ ಹುಡುಗರಿಗೆ ಮೊದಲು ಕಲಿಸೋದೇ ಅದು, ಡ್ರಮ್ಮು ತಾಗಿಸದೇ ಇರೋದು. ಹೆಂಡತಿ ಆಗಲೇ ಹೇಳ್ತಿದಾಳೆ, ಇನ್ನು ಮೆಟ್ಟಿಲು ಇಳಿಯುವಾಗ ಅಮ್ಮಾ ಅನ್ನೋದು ತಪ್ಪುತ್ತೆ ಅಂತ."

ಈಗ ಹೇಳಬೇಕು, ಇಲ್ಲೇ, ಎಂದುಕೊಂಡರು ಮೇಷ್ಟ್ರು. ಅಷ್ಟರಲ್ಲಿ ಅಗೆದ ಕಾಲುವೆ ಅಡ್ಡ ಬಂತು. ದಾಟಲು ಒಂದೇ ಒಂದು ಹಲಗೆ ಹಾಕಿದ್ದರು. ಎಕ್ಸ್‌ಪ್ರೆಸ್ಸು ಯೋಚನೆಯೇ ಇಲ್ಲದೆ, ಕಾಲಿನ ಅಭ್ಯಾಸ ಎನ್ನುವಂತೆ, ಪಕ್ಕಕ್ಕೆ ಸರಿದು ನಿಂತ.

"ನಡಿ, ಮುಂದೆ ನಡಿ."

"ನೀನು ಹೋಗು," ಎಂದರು ಮೇಷ್ಟ್ರು.

"ಏ, ನಾನು ನಿಧಾನ ಕಣೋ. ನನ್ನ ಹಿಂದೆ ನೀನ್ಯಾಕೆ ಕಾಯ್ತೀಯ? ನೀನು ದಾಟು."

"ಇಲ್ಲ, ನೀನು ಮೊದಲು."

"ಏನಾಯ್ತೋ ನಿನಗೆ ಇವತ್ತು?"

ಇಬ್ಬರೂ ನಿಂತೇ ಇದ್ದರು. ಹಿಂದಿನಿಂದ ಸೈಕಲ್ಲಿನ ಗಂಟೆ ಕೇಳಿಸಿತು. ಇಬ್ಬರೂ ಒಟ್ಟಿಗೆ ಬದಿಗೆ ಸರಿದು ದಾರಿ ಬಿಟ್ಟರು. ಹಾಲಿನ ಕ್ಯಾನು ನೇತುಹಾಕಿಕೊಂಡಿದ್ದ ಸೈಕಲ್ಲಿನವನು ಇಬ್ಬರ ಮುಖವನ್ನೂ ವಿಚಿತ್ರವಾಗಿ ನೋಡಿ, ಇಳಿದು, ಸೈಕಲ್ಲನ್ನು ತಳ್ಳಿಕೊಂಡು ದಾಟಿಹೋದ. ಅವನು ಆಚೆ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೂ ಖಾಲಿ ಹಲಗೆ ಸ್ವಲ್ಪ ಹೊತ್ತು ನಡುಗುತ್ತಲೇ ಇತ್ತು.