ಗೇಟಿನಲ್ಲಿ ಬಿಟ್ಟ ಹೆಸರು

ಶಿಬಿರದ ಅಕ್ಕನಿಗೆ ಮಕ್ಕಳು ಇಟ್ಟ ಹೆಸರು ಮರಕುಟಿಗ. ಬೆಳಗಾದರೆ ಸಾಕು, ಟಕಟಕ ಎಂದು ಅವರ ತಲೆ ಕುಟ್ಟಲು ಶುರು ಮಾಡುತ್ತಿದ್ದಳಲ್ಲ, ಅದಕ್ಕೆ. ಹಲ್ಲುಜ್ಜಿದಿರಾ, ಬಾಟಲಿ ತುಂಬಿಸಿಕೊಂಡಿರಾ, ಬೂಟು ಕೊಡವಿ ಹಾಕಿಕೊಂಡಿರಾ. ಅವಳಿಗೇನೂ ಬೇಸರವಿರಲಿಲ್ಲ, ಹೆಸರಿಡುವ ಆಟ ಹೂಡಿದವಳೇ ಅವಳು. ಮನೆಯ ಹೆಸರನ್ನು ಗೇಟಿನಲ್ಲಿ ಬಿಟ್ಟು ಬರಬೇಕು, ಒಳಗೆ ಹಕ್ಕಿಯದೋ ಹುಳದ್ದೋ ಹೆಸರು. ಬಾಯಿ ತಪ್ಪಿ ನಿಜವಾದ ಹೆಸರು ಕೂಗಿದವರು ಅಡುಗೆಯ ಹಂಡೆ ತಿಕ್ಕಬೇಕು. ಹನ್ನೊಂದು ಬೇಸಿಗೆಗಳಿಂದ ಇದೇ ಕಟ್ಟುಪಾಡು. ನಿಜವಾದ ಹೆಸರುಗಳು ಅರ್ಜಿಗಳಲ್ಲಿ, ಅರ್ಜಿಗಳು ಟ್ರಂಕಿನಲ್ಲಿ, ಟ್ರಂಕಿನ ಬೀಗದ ಕೈ ಅವಳ ಕೊರಳಲ್ಲಿ.

ಆ ವರ್ಷ ಬಂದವರಲ್ಲಿ ಬಸವನಹುಳು ಒಬ್ಬಳು. ಒಂಬತ್ತು ವರ್ಷ. ಸಾಲಿನಲ್ಲಿ ಯಾವಾಗಲೂ ಕೊನೆಯವಳು, ಅದಕ್ಕೇ ಆ ಹೆಸರು. ಅವಳನ್ನು ಬಿಡಲು ಬಂದಿದ್ದ ಸೋದರತ್ತೆ ಮೊದಲ ದಿನವೇ ಅಕ್ಕನನ್ನು ಬದಿಗೆ ಕರೆದಿದ್ದಳು.

"ಇವಳಪ್ಪ ಆಸ್ಪತ್ರೇಲಿದ್ದಾನೆ. ನನ್ನ ತಮ್ಮ. ಇನ್ನು ಹೆಚ್ಚು ದಿನ ಇಲ್ಲ ಅಂದಿದ್ದಾರೆ. 'ಪುಟ್ಟಿ ನಾಕು ದಿನ ನಗ್ತಾ ಇರ್ಲಿ, ಕಳಿಸು' ಅಂತ ಅವನದೇ ಹಟ. ಆದ್ರೆ ಕೊನೇಲಿ ಇವಳು ಹತ್ರ ಇರ್ಬೇಕು ಅಂತ ಜೀವ ಹಿಡ್ಕೊಂಡಿದ್ದಾನೆ. ಫೋನ್ ಮಾಡಿದ್ರೆ ಕಳಿಸ್ತೀರಲ್ವಾ?"

"ಕಳಿಸೋದೇನು ಬಂತು, ನಾನೇ ಕರ್ಕೊಂಡು ಬರ್ತೀನಿ. ಮೂರು ಗಂಟೆ ದಾರಿ ಅಷ್ಟೆ. ನೀವು ಯೋಚನೆ ಬಿಡಿ."

ಕೊಟ್ಟ ಮಾತಿಗೆ ತಪ್ಪುವ ಜಾಯಮಾನ ಅವಳದಲ್ಲ. ಯಾರನ್ನು ಬೇಕಾದರೂ ಕೇಳಿ.

ಹುಡುಗಿ ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಕೊಳದಲ್ಲಿ ಗೊದಮೊಟ್ಟೆಗಳನ್ನು ಕಂಡಳು ನೋಡಿ, ಆಮೇಲೆ ಹಿಡಿಯುವವರೇ ಇಲ್ಲ. ಯಾವುದಕ್ಕೆ ಹಿಂಗಾಲು ಬಂತು, ಯಾವುದರ ಬಾಲ ಗಿಡ್ಡವಾಯಿತು ಎಂದು ಊಟದ ಹೊತ್ತಿಗೆ ಎಲ್ಲರಿಗೂ ವರದಿ. ಅವಳು ನಕ್ಕಾಗಲೆಲ್ಲ ಅಕ್ಕನಿಗೆ ಹೊಟ್ಟೆ ತುಂಬಿದಂತಾಗುತ್ತಿತ್ತು.

ಶಿಬಿರದಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಇದ್ದದ್ದು ಅಡುಗೆಮನೆಯ ಒಂದು ಫೋನು. ಅಡುಗೆಯವನು ಎತ್ತುತ್ತಿದ್ದ, ಚೀಟಿ ಬರೆದು ಬಾಗಿಲ ಹಿಂದಿನ ಹಲಗೆಗೆ ಚುಚ್ಚುತ್ತಿದ್ದ. ದಿನಕ್ಕೆ ಹತ್ತು ಚೀಟಿ. ಸ್ವೆಟರ್ ಹಾಕಿಕೊಂಡನಾ, ಹೊಟ್ಟೆ ಸರಿ ಇದೆಯಾ. ಹೆತ್ತವರ ಸಂಕಟ ಹೆತ್ತವರಿಗೇ ಗೊತ್ತು, ಆದರೆ ಎಲ್ಲಕ್ಕೂ ಓಡುತ್ತ ಕೂತರೆ ಕಾಡು ಸುತ್ತಿಸುವವರು ಯಾರು?

ಏಳನೆಯ ದಿನ ಬೆಳಿಗ್ಗೆ ಹಲಗೆಯ ಮೇಲೆ ಹೊಸ ಚೀಟಿಯಿತ್ತು. ಒಂದು ಹುಡುಗಿಯ ಪೂರ್ತಿ ಹೆಸರು, ಕೆಳಗೆ 'ಮನೆಗೆ ಫೋನ್ ಮಾಡಬೇಕಂತೆ'. ಅಷ್ಟೇ. ಸಾವಿನ ಮಾತನ್ನು ಗುರುತಿಲ್ಲದ ಅಡುಗೆಯವನಿಗೆ ಹೇಳಲು ಅತ್ತೆಗೆ ಬಾಯಿ ಬಂದಿರಲಿಲ್ಲ.

ಅಕ್ಕ ಓದಿದಳು. ತನ್ನ ಗುಂಪಿನಲ್ಲಿ ಮಿಂಚುಳ್ಳಿ ಇದ್ದಳು, ಗೊದ್ದ ಇದ್ದ, ಬಸವನಹುಳು ಇದ್ದಳು. ಈ ಹೆಸರಿನವರು ಯಾರೂ ನೆನಪಾಗಲಿಲ್ಲ.

"ಇದು ನಿಮ್ಮ ಗುಂಪಿನ ಹುಡುಗೀನಾ?" ಎಂದು ಇನ್ನೊಂದು ಗುಂಪಿನ ಮೇಷ್ಟ್ರನ್ನು ಕೇಳಿದಳು.

"ಇರ್ಬೇಕು. ಸಂಜೆ ನೋಡಿದ್ರಾಯ್ತು," ಎಂದರು ಅವರು, ಬೂಟಿನ ದಾರ ಕಟ್ಟುತ್ತ.

ಟ್ರಂಕು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಹೊರಗೆ ಮೂವತ್ತು ಮಕ್ಕಳು ತೊರೆಗೆ ಹೋಗಲು ಸಾಲುಗಟ್ಟಿ ಕೂಗುತ್ತಿದ್ದರು. ಅಕ್ಕ ಚೀಟಿ ಗಾಳಿಗೆ ಹಾರದಿರಲೆಂದು ಇನ್ನೊಂದು ಪಿನ್ನು ಚುಚ್ಚಿ ಹೊರಟಳು. ಸಂಜೆ ಎಲ್ಲರೂ ಸುಸ್ತಾಗಿ ಮರಳಿದರು. ಒಬ್ಬನ ಕಾಲು ಉಳುಕಿತ್ತು, ಅವನ ಆರೈಕೆಯಲ್ಲಿ ಅವಳಿಗೆ ಚೀಟಿ ಮರೆತೇ ಹೋಯಿತು.

ಮರುದಿನ ತಿಂಡಿಯ ಹೊತ್ತಿಗೆ ಅಡುಗೆಯವನು ಬಂದ. "ಅಕ್ಕಾ, ನಿನ್ನೆ ಚೀಟಿ ಬರೆಸಿದ್ದ ಆಯಮ್ಮ ಮತ್ತೆ ಫೋನ್ ಮಾಡಿದ್ರು. ಈ ಸಲ ಅಳ್ತಾ ಇದ್ರು."

ಅಕ್ಕ ಕೊರಳಿನ ಬೀಗದ ಕೈ ಎಳೆದುಕೊಂಡಳು. ಟ್ರಂಕು ತೆಗೆದಳು. ಹನ್ನೆರಡನೆಯ ಅರ್ಜಿಯಲ್ಲಿ ಚೀಟಿಯ ಹೆಸರಿತ್ತು, ಪಕ್ಕದಲ್ಲಿ ಬಸವನಹುಳುವಿನ ಫೋಟೋ.

"ನಿನ್ನೇನೇ ನಂಗೆ ಹೇಳೋಕೇನಾಗಿತ್ತೋ ನಿಂಗೆ?"

"ಚೀಟಿ ಹಾಕಿದ್ನಲ್ಲಕ್ಕ," ಎಂದ ಅವನು. "ನೀವೇ ಪಿನ್ ಚುಚ್ಚಿದ್ರಿ."

ಜೀಪಿನಲ್ಲಿ ಹುಡುಗಿ ಕಿಟಕಿಗೆ ಅಂಟಿ ಕೂತು ಅಪ್ಪನಿಗೆ ಏನೇನು ಹೇಳಬೇಕೆಂದು ಒಂದೊಂದೇ ಬೆರಳು ಮಡಚಿ ಲೆಕ್ಕ ಹಾಕಿದಳು. ಮೊದಲು ಹಿಂಗಾಲು, ಆಮೇಲೆ ಮುಂಗಾಲು, ಬಾಲ ಕೊನೆಗೆ. ಅಪ್ಪ ನಂಬೋದಿಲ್ಲ, ಬಾಲ ಎಲ್ಲಿ ಹೋಯ್ತು ಅಂತ ಖಂಡಿತ ಕೇಳ್ತಾರೆ ಎಂದಳು. ಅಕ್ಕ ಹೂಂಗುಟ್ಟುತ್ತಿದ್ದಳು. ಚಾಲಕನಿಗೆ ಬೇಗ, ಬೇಗ ಎನ್ನುತ್ತಿದ್ದಳು. ಅವನಾದರೂ ಏನು ಮಾಡಿಯಾನು, ಹೋದ ದಿನವನ್ನು ಹಿಂದಕ್ಕೆ ಓಡಿಸಲು ಬರುತ್ತದೆಯೇ?

ಆಸ್ಪತ್ರೆಯ ಮೊಗಸಾಲೆಯಲ್ಲಿ ಅತ್ತೆ ಒಬ್ಬಳೇ ನಿಂತಿದ್ದಳು. ಹುಡುಗಿಯನ್ನು ತಬ್ಬಿಕೊಂಡಳು, ಒಳಗೆ ಕರೆದೊಯ್ದಳು. ಒಳಗಿನಿಂದ ಒಂದು ಕೂಗು ಕೇಳಿತು. ಬಹಳ ಹೊತ್ತಿನ ಮೇಲೆ ಅತ್ತೆ ಹೊರಬಂದಳು.

"ಅವನು ಹೋಗಿ ಎರಡು ಗಂಟೆ ಆಯ್ತು. ನಿನ್ನೆ ಸಂಜೆವರೆಗೂ ಚೆನ್ನಾಗಿ ಮಾತಾಡ್ತಿದ್ದ. ಯಾರ ಹೆಜ್ಜೆ ಸಪ್ಪಳ ಕೇಳಿದ್ರೂ ಬಾಗಿಲ ಕಡೆ ತಿರುಗೋನು."

"ಚೀಟಿ ನಿನ್ನೆ ಬೆಳಿಗ್ಗೆನೇ ಬಂದಿತ್ತು," ಎಂದಳು ಅಕ್ಕ. "ನಾನೇ ಓದಿದೆ. ಆ ಹೆಸರು ಇವಳದ್ದು ಅಂತ ನಂಗೆ ಗೊತ್ತಾಗ್ಲಿಲ್ಲ."

ಬೈಯಲಿ, ಕೆನ್ನೆಗೆ ಬಾರಿಸಲಿ ಎಂದು ಕಾದಳು. ಅತ್ತೆ ಎರಡನ್ನೂ ಮಾಡಲಿಲ್ಲ.

"ಅವಳಿಗೆ ಇದನ್ನ ಹೇಳ್ಬೇಡಿ," ಎಂದಳು. "ನನ್ನ ಹತ್ರ ಹೇಳಿದ್ದಾಯ್ತಲ್ಲ, ಸಾಕು. ಆಟ ಆಡ್ಕೊಂಡಿದ್ದಾಗ ಅಪ್ಪ ಕರೀತಿದ್ದ ಅಂತ ಆ ಮಗು ಜೀವಮಾನವೆಲ್ಲ ಕೊರಗೋದು ಬೇಡ."

ಅತ್ತೆ ಆಸ್ಪತ್ರೆಯ ಕಾಗದಗಳಿಗೆ ಸಹಿ ಹಾಕಲು ಹೋದಳು. ಹುಡುಗಿ ಹೊರಬಂದು ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತಳು. ಮುಖ ಊದಿತ್ತು.

"ಅಕ್ಕಾ, ನಾವು ಇನ್ನೂ ಬೇಗ ಬರೋಕಾಗ್ತಿತ್ತಾ?"

"ಇಲ್ಲ ಪುಟ್ಟಿ," ಎಂದಳು ಅಕ್ಕ. "ಫೋನ್ ಬಂದ ತಕ್ಷಣ ಹೊರಟ್ವಿ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನಂಬಿ, ಅವಳ ತೋಳಿಗೆ ಒರಗಿ ಅಳತೊಡಗಿದಳು.