ಅಮ್ಮನ ಹಸಿರು ಕೋಟು

ಅಕ್ಕನ ಬೀರುವಿನಲ್ಲಿದ್ದ ಬಟ್ಟೆಗಳನ್ನೆಲ್ಲ ತಂಗಿ ಮಂಚದ ಮೇಲೆ ಎಳೆದು ಹಾಕುತ್ತಿದ್ದಳು. ಅಕ್ಕನ ಹೆಣಕ್ಕೆ ಏನು ತೊಡಿಸಬೇಕೆಂದು ಹೊರಗೆ ಕೇಳುತ್ತಿದ್ದರು.

"ನಿಮ್ಮಮ್ಮನ ಹಸಿರು ಕೋಟೇ ಹಾಕಿ ಕಳಿಸೋಣ," ಎಂದರು ಬಾಗಿಲಲ್ಲಿ ನಿಂತ ಸೋದರತ್ತೆ. "ಅವಳಿಗೆ ಅದು ಹೇಳಿ ಮಾಡಿಸಿದಂಗಿತ್ತು. ಅದೇ ಎತ್ತರ, ಅದೇ ಕತ್ತು. ಥೇಟ್ ನಿಮ್ಮಮ್ಮ."

"ಗೊತ್ತು ಅತ್ತೆ. ಹುಟ್ಟಿದಾಗಿನಿಂದ ಇದನ್ನೇ ಕೇಳ್ತಾ ಇದೀನಿ."

"ಸತ್ತೋಳ ಮೇಲೂ ಹೊಟ್ಟೆಕಿಚ್ಚೇನೇ ನಿಂಗೆ?"

ತಂಗಿ ಬೀರುವಿನ ಕೆಳಗಿನ ಅರೆಗೆ ಕೈ ಹಾಕಿದಳು. ಅಮ್ಮ ಹೋದಾಗ ಕೋಟು ಅಕ್ಕನ ಪಾಲಾಯಿತು. ಬೀದಿಗೆಲ್ಲ ಬಟ್ಟೆ ಹೊಲಿದುಕೊಡುತ್ತಿದ್ದ ಅಕ್ಕನಿಗೆ ಆ ಕೋಟಿಗೆ ಮಾತ್ರ ಒಂದು ಹೊಲಿಗೆಯನ್ನೂ ಹಾಕಬೇಕಾಗಿ ಬರಲಿಲ್ಲ. ತಂಗಿಯ ಭುಜದಲ್ಲಿ ಅದು ಸಿಕ್ಕಿಕೊಂಡಿತ್ತು. ಅವಳದು ಅಪ್ಪನ ಮೈಕಟ್ಟು, ಅಪ್ಪನ ಮೊಂಡು ಮೂಗು.

*

ಹಿಂದಿನ ವರ್ಷ, ಎದೆಯ ಕ್ಯಾನ್ಸರ್ ಗಡ್ಡೆ ತೆಗೆಸಿಕೊಂಡು ಬಂದ ಅಕ್ಕ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು.

"ಅಮ್ಮನಿಂದ ಬಂದಿರೋ ಜೀನಲ್ಲೇ ದೋಷ ಅಂತೆ ಕಣೇ. ಅಮ್ಮಂಗೆ ಅಂಡಾಶಯದ ಕ್ಯಾನ್ಸರ್ ಬಂದಿದ್ದೂ ಅದಕ್ಕೇ ಇರಬೇಕು ಅಂದ್ರು. ನಿಂಗೂ ಅರ್ಧಕ್ಕರ್ಧ ಸಾಧ್ಯತೆ. ಒಂದ್ಸಲ ಪರೀಕ್ಷೆಗೆ ರಕ್ತ ಕೊಡು. ದೋಷ ಇದ್ರೆ ಅಂಡಾಶಯ ಮೊದಲೇ ತೆಗೆಸ್ಬಹುದು, ಎದೇಲಿ ಗಡ್ಡೆ ಬೆಳೆಸೋ ಅದ್ರ ಹಾರ್ಮೋನೂ ನಿಲ್ಲುತ್ತೆ ಅಂತೆ. ನಂಗೆ ತಡ ಆಯ್ತು."

"ನನ್ನಲ್ಲಿ ಅಮ್ಮಂದು ಏನಿದೆ? ಎತ್ತರ, ಕೂದಲು, ಕೋಟು ಎಲ್ಲಾ ನೀನೇ ಬಾಚ್ಕೊಂಡೆ. ಇದನ್ನೂ ನೀನೇ ಇಟ್ಕೋ."

"ಮುಖ ನೋಡಿ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು."

"ಡಾಕ್ಟ್ರು ನನ್ನ ಮೂಗು ಎಲ್ಲಿ ನೋಡಿದಾರೆ?"

ಅಕ್ಕ ನಕ್ಕಿದ್ದಳು. ನಗುವೂ ಅಮ್ಮನದೇ. ತಂಗಿ ಬಾಗಿಲು ದಢಾರನೆ ಎಳೆದುಕೊಂಡು ಬಂದುಬಿಟ್ಟಿದ್ದಳು.

*

"ಕೋಟು ಎಲ್ಲೂ ಇಲ್ಲ," ಎನ್ನುತ್ತ ತಂಗಿ ನಡುಮನೆಗೆ ಬಂದಳು.

ಹೆಣದ ಪಕ್ಕ ಬೆನ್ನು ಮಾಡಿ ನಿಂತಿದ್ದವಳು ತಿರುಗಿದಳು. ಹಸಿರು ಕೋಟು, ಉದ್ದ ಕತ್ತು. ತಂಗಿಯದೇ ಮಗಳು, ಕಾಲೇಜಿಗೆ ಹೋಗುವವಳು.

"ಚಳಿ ಆಯ್ತಮ್ಮಾ. ದೊಡ್ಡಮ್ಮ ಹೋದ ತಿಂಗಳೇ ನಂಗೆ ಕೊಟ್ಟಿದ್ರು. ಬಿಗಿನೂ ಇಲ್ಲ, ಸಡಿಲಾನೂ ಇಲ್ಲ, ನೋಡು."

"ಅಯ್ಯೋ, ಅಜ್ಜಿನೇ ಎದ್ದು ಬಂದಂಗಿದೆ!" ಎಂದರು ಅತ್ತೆ.

ನನ್ನ ಮಗಳನ್ನೂ ಬಿಡಲಿಲ್ಲ ಇವಳು, ಎಂದು ತಂಗಿ ಅಕ್ಕನತ್ತ ನೋಡಿದಳು. ಆದರೆ ಅಜ್ಜಿಯ ಕತ್ತು ಮೊಮ್ಮಗಳಿಗೆ ಸಿಗುವುದಕ್ಕೆ ದೊಡ್ಡಮ್ಮ ದಾರಿಯಾಗುವುದಿಲ್ಲ. ನಡುವೆ ಇದ್ದವಳು ತಾನೊಬ್ಬಳೇ.

"ಬಿಚ್ಚೇ ಅದನ್ನ."

"ಅಮ್ಮಾ, ದೊಡ್ಡಮ್ಮನೇ..."

"ಬಿಚ್ಚು ಅಂದ್ನಲ್ಲ!"

ಕೋಟು ಕೈಗೆ ಬಂತು. ಅದಿಲ್ಲದೆಯೂ ಮಗಳು ಹಾಗೆಯೇ ಕಾಣುತ್ತಿದ್ದಳು. ಅದೇ ಎತ್ತರ, ಅದೇ ಕತ್ತು.

ತಂಗಿ ಕೋಟನ್ನು ಅಕ್ಕನ ಮೇಲೆ ಹೊದಿಸಿದಳು. ಆಮೇಲೆ ತನ್ನ ರವಿಕೆಯ ಎಡತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿ, ಒಳಮಗ್ಗುಲಲ್ಲಿ ರಕ್ತ ತೆಗೆಯುವ ನೀಲಿ ನರವನ್ನು ಹೆಬ್ಬೆರಳಿನಿಂದ ಒತ್ತುತ್ತ ಅಲ್ಲೇ ನಿಂತಳು.